ಕಪ್ಪನ್ನು ಮಗುಚಿ ನೋಡಿ: ಬೋನ್ ಚೈನಾ ಮತ್ತು ಪಿಂಗಾಣಿಯ ಆಯ್ಕೆ

ಪಾತ್ರೆ ಅಂಗಡಿಯಲ್ಲಿ ಊಟದ ಸೆಟ್ಟನ್ನೋ ಕಪ್ಪು-ಬಸಿಯನ್ನೋ ಕೇಳಿದಾಗ ನಮಗೆ ಸಿಗುವ ವಿವರಣೆ ಸಾಮಾನ್ಯವಾಗಿ ಒಂದೇ ಸಾಲಿನದು: ಇದು ಬೋನ್ ಚೈನಾ, ಆದ್ದರಿಂದ ದುಬಾರಿ, ಅದು ಬರೀ ಪಿಂಗಾಣಿ, ಆದ್ದರಿಂದ ಅಗ್ಗ. ಬೆಲೆಯ ಚೀಟಿಯಿಂದಲೇ ಗುಣವನ್ನು ಅಳೆಯುವ ಈ ಕ್ರಮವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಈ ಎರಡು ಸಾಮಾನುಗಳು ಯಾವ ವಸ್ತುಗಳಿಂದ ಆಗಿವೆ, ಎಷ್ಟು ಶಾಖದಲ್ಲಿ ಯಾವ ಕ್ರಮದಲ್ಲಿ ಸುಡಲ್ಪಟ್ಟಿವೆ ಎಂಬುದನ್ನು ನೋಡೋಣ. ಈ ಸಭೆಯಲ್ಲಿ ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ: ಎರಡೂ ಸಾಮಾನ್ಯವಾಗಿ ಕನಿಷ್ಠ ಎರಡು ಬಾರಿ ಕುಲುಮೆಗೆ ಹೋಗಿ ಬರುತ್ತವೆ, ಆದರೆ ಒಂದರ ಕ್ರಮಕ್ಕೆ ಇನ್ನೊಂದರ ಕ್ರಮ ತಲೆಕೆಳಗು. ನಿಮ್ಮ ಅಡುಗೆಮನೆಯಲ್ಲಿ ಅವು ತೋರಿಸುವ ಗುಣದೋಷಗಳಲ್ಲಿ ಬಹುಪಾಲು ಅವುಗಳ ಮಣ್ಣಿನ ಮಿಶ್ರಣದಿಂದ ಮತ್ತು ಈ ಸುಡುವ ಕ್ರಮದಿಂದ ಹುಟ್ಟಿದವು.

ಮುಂದುವರಿಯುವ ಮೊದಲು ಅಂಗಡಿಯ ಅದೇ ಕಪಾಟಿನಲ್ಲಿ ಕುಳಿತಿರುವ ಬೇರೆ ಕೆಲವನ್ನು ಆಚೆ ಇಡಬೇಕು. ಹಾಲಿನಂತೆ ಬೆಳ್ಳಗಿದ್ದು, ತೆಳ್ಳಗಿದ್ದು, ಈಗ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಓಪಲ್‌ವೇರ್ ತಟ್ಟೆ ಗಾಜು; ಅದು ಮಣ್ಣಿನ ಕುಲಕ್ಕೆ ಸೇರಿದ್ದೇ ಅಲ್ಲ. ಒಡೆದಾಗ ಅದು ಸಣ್ಣ ಸಣ್ಣ ಚೂರುಗಳಾಗಿ ದೂರಕ್ಕೆ ಸಿಡಿಯುವುದು ಅದಕ್ಕೆ ಕೊಟ್ಟಿರುವ ಶಾಖ ಸಂಸ್ಕಾರದಿಂದ. ಅಜ್ಜಿಯರ ಕಾಲದ, ಮೇಲರ್ಧ ಕಂದು ಕೆಳಗರ್ಧ ಕೆನೆ ಬಣ್ಣದ ಉಪ್ಪಿನಕಾಯಿ ಜಾಡಿ ಸ್ಟೋನ್‌ವೇರ್. ಅದು ಗಟ್ಟಿ, ನೀರು ಹೀರುವುದಿಲ್ಲ, ಆದರೆ ಬೆಳಕು ಅದರ ಮೂಲಕ ಹಾಯುವುದಿಲ್ಲ. ದಪ್ಪನೆಯ, ಬಣ್ಣ ಬಣ್ಣದ, ಅಂಚು ಚಕ್ಕೆಯೆದ್ದರೆ ಒಳಗೆ ಕೆಂಪು ಅಥವಾ ಮಾಸಲು ಮಣ್ಣು ಕಾಣುವ ಮಗ್ಗುಗಳು ಅರ್ಥನ್‌ವೇರ್. ಅವುಗಳ ಒಡಲು ನೀರು ಹೀರುತ್ತದೆ. ಮಾತಿನಲ್ಲಿ ಇವೆಲ್ಲವನ್ನೂ ನಾವು ಪಿಂಗಾಣಿ ಎಂದೇ ಕರೆಯುತ್ತೇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂದಿನ ಮಾತಿನಲ್ಲಿ ನಾನು ಪಿಂಗಾಣಿ ಎಂದಾಗಲೆಲ್ಲ ಅದು ಪೋರ್ಸಲೀನ್ ಎಂಬ ಒಂದೇ ಬಗೆಯನ್ನು ಸೂಚಿಸುತ್ತದೆ ಎಂದು ಇಟ್ಟುಕೊಳ್ಳಿ.

ಪಿಂಗಾಣಿಯ ಮೂಲ ಚೀನಾ. ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ಡೆಝೆನ್ ಎಂಬ ಊರು ಶತಮಾನಗಳ ಕಾಲ ಜಗತ್ತಿಗೆಲ್ಲ ಪಿಂಗಾಣಿ ಒದಗಿಸಿತು. ಅಲ್ಲಿಯ ಕುಶಲಕರ್ಮಿಗಳು ಎರಡು ವಸ್ತುಗಳನ್ನು ಬೆರೆಸುತ್ತಿದ್ದರು: ಒಂದು, ಬೆಂಕಿಗೆ ಸುಲಭವಾಗಿ ಕರಗದ ಬಿಳಿಯ ಕಯೋಲಿನ್ ಮಣ್ಣು, ಇನ್ನೊಂದು, ಹೆಚ್ಚಿನ ಶಾಖದಲ್ಲಿ ಕರಗಿ ಗಾಜಾಗುವ ಒಂದು ಬಗೆಯ ಕಲ್ಲಿನ ಪುಡಿ. ಇಂದಿನ ಕಾರ್ಖಾನೆಗಳು ಆ ಕಲ್ಲಿನ ಜಾಗದಲ್ಲಿ ಹೆಚ್ಚಾಗಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಮತ್ತು ಬೆಣಚುಕಲ್ಲಿನ ಪುಡಿಯನ್ನು ಬಳಸುತ್ತವೆ. ಕುಲುಮೆಯ ಶಾಖ 1300 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಫೆಲ್ಡ್‌ಸ್ಪಾರ್ ಕರಗಿ, ಎಳ್ಳುಂಡೆಯಲ್ಲಿ ಬೆಲ್ಲದ ಪಾಕ ಎಳ್ಳಿನ ಕಾಳುಗಳನ್ನು ಹಿಡಿದಿಡುವ ಹಾಗೆ ಉಳಿದ ಕಣಗಳ ಸಂದುಗಳನ್ನೆಲ್ಲ ತುಂಬಿ ಬಿಗಿಯುತ್ತದೆ. ಅದೇ ಸಮಯದಲ್ಲಿ ಕಯೋಲಿನ್‌ನಿಂದ ಮುಲೈಟ್ ಎಂಬ ಸೂಜಿಯಾಕಾರದ ಹರಳುಗಳು ಬೆಳೆದು ಆ ಗಾಜಿನೊಳಗೆ ಹೆಣೆದುಕೊಳ್ಳುತ್ತವೆ. ಪಿಂಗಾಣಿ ನೀರು ಹೀರದಿರುವುದೂ, ತಟ್ಟಿದರೆ ನಾದ ಕೊಡುವುದೂ, ತೆಳುವಾದಲ್ಲಿ ಬೆಳಕು ಬಿಡುವುದೂ ಈ ಕಾರಣದಿಂದ.

ಯುರೋಪಿನವರಿಗೆ ಇದರ ರಹಸ್ಯ ಬಹಳ ಕಾಲ ದಕ್ಕಲಿಲ್ಲ. ಸ್ಯಾಕ್ಸನಿಯ ದೊರೆ ಅಗಸ್ಟಸ್, ಚಿನ್ನ ಮಾಡಿಕೊಡುತ್ತೇನೆಂದು ಹೇಳಿಕೊಂಡಿದ್ದ ಯೋಹಾನ್ ಫ್ರೀಡ್ರಿಕ್ ಬಟ್‌ಗರ್ ಎಂಬ ತರುಣ ರಸವಾದಿಯನ್ನು ಹಿಡಿದು ಕೂಡಿಹಾಕಿದ್ದ. ಚಿನ್ನವಂತೂ ಹುಟ್ಟಲಿಲ್ಲ, ಶಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆಗೆ ನಡೆಸಿದ ಪ್ರಯೋಗಗಳಿಂದ ಗಟ್ಟಿ ಪಿಂಗಾಣಿ ಹುಟ್ಟಿತು, 1710ರಲ್ಲಿ ಮೈಸನ್ ಕಾರ್ಖಾನೆ ಆರಂಭವಾಯಿತು. ದೊರೆಯ ದೃಷ್ಟಿಯಿಂದ ನೋಡಿದರೆ ಇದು ನಷ್ಟದ ವ್ಯಾಪಾರವೇನೂ ಆಗಿರಲಿಲ್ಲ, ಏಕೆಂದರೆ ಆಗ ಪಿಂಗಾಣಿಯ ಬೆಲೆ ಹಾಗಿತ್ತು. ಎರಡೇ ವರ್ಷದ ನಂತರ, 1712ರಲ್ಲಿ, ಜಿಂಗ್‌ಡೆಝೆನ್‌ನಲ್ಲಿದ್ದ ದಾಂತ್ರಕೋಲ್ ಎಂಬ ಫ್ರೆಂಚ್ ಜೆಸ್ಯುಯಿಟ್ ಪಾದ್ರಿ ಅಲ್ಲಿಯ ವಿಧಾನವನ್ನು ವಿವರವಾಗಿ ಪತ್ರ ಬರೆದು ಕಳುಹಿಸಿದ.

ಇಂಗ್ಲೆಂಡಿನ ಕಥೆ ಬೇರೆಯ ದಾರಿ ಹಿಡಿಯಿತು, ಬೋನ್ ಚೈನಾ ಹುಟ್ಟಿದ್ದು ಆ ದಾರಿಯಲ್ಲಿ. ಲಂಡನ್ನಿನ ಪೂರ್ವಕ್ಕಿದ್ದ ಬೋ ಎಂಬಲ್ಲಿಯ ಕಾರ್ಖಾನೆಯಲ್ಲಿ ಥಾಮಸ್ ಫ್ರೈ 1740ರ ದಶಕದಲ್ಲಿ ಮಣ್ಣಿನ ಮಿಶ್ರಣಕ್ಕೆ ಸುಟ್ಟ ಮೂಳೆಯ ಬೂದಿಯನ್ನು ಸೇರಿಸಿದ. ದನದ ಸಂತೆಗಳೂ ಕಸಾಯಿಖಾನೆಗಳೂ ಹತ್ತಿರವಿದ್ದುದರಿಂದ ಮೂಳೆಗೆ ಕೊರತೆಯಿರಲಿಲ್ಲ. ವಿಲಿಯಂ ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ ಕಾರ್ನ್‌ವಾಲ್‌ನಲ್ಲಿ ಕಯೋಲಿನ್ ಪತ್ತೆಹಚ್ಚಿ 1768ರಲ್ಲಿ ಚೀನಾ ಬಗೆಯ ಪಿಂಗಾಣಿಗೆ ಪೇಟೆಂಟ್ ಪಡೆದ. ಮೂಳೆ ಬೂದಿ ಮತ್ತು ಕಾರ್ನ್‌ವಾಲ್‌ನ ಮಣ್ಣು ಒಂದಾಗಿ ಇಂದಿನ ರೂಪ ಪಡೆದದ್ದು 18ನೇ ಶತಮಾನದ ಕೊನೆಯ ದಶಕದಲ್ಲಿ, ಸ್ಟೋಕ್ ಊರಿನ ಸ್ಪೋಡ್ ಕುಟುಂಬದ ಕೈಯಲ್ಲಿ. ತಂದೆ ಜೋಸೈಯ ಸ್ಪೋಡ್ 1797ರಲ್ಲಿ ತೀರಿಕೊಂಡ. ಅದೇ ಹೆಸರಿನ ಮಗ ಅದನ್ನು ಮಾರುಕಟ್ಟೆಯಲ್ಲಿ ನೆಲೆಗೊಳಿಸಿದ. ಸುಮಾರು ಅರ್ಧ ಭಾಗ ಮೂಳೆ ಬೂದಿ, ಉಳಿದ ಅರ್ಧದಲ್ಲಿ ಕಯೋಲಿನ್ ಮತ್ತು ಕರಗಿ ಗಾಜಾಗುವ ಕಾರ್ನ್‌ವಾಲ್ ಕಲ್ಲು ಸಮಸಮ: ಆ ಅಳತೆ ಇನ್ನೂರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಸ್ವಲ್ಪ ದಾರಿ ತಪ್ಪಿ ಒಂದು ಮಾತು ಹೇಳುತ್ತೇನೆ. ಸ್ಟೋಕ್-ಆನ್-ಟ್ರೆಂಟ್‌ನ ಎಟ್ರೂರಿಯಾ ಎಂಬಲ್ಲಿ, ಕಾಲುವೆಯ ದಡದಲ್ಲಿ, 1857ರಲ್ಲಿ ಕಟ್ಟಿದ ಮೂಳೆ ಮತ್ತು ಚಕಮಕಿ ಕಲ್ಲು ಅರೆಯುವ ಗಿರಣಿಯೊಂದನ್ನು ಈಗ ಮ್ಯೂಸಿಯಂ ಆಗಿ ಉಳಿಸಿಕೊಂಡಿದ್ದಾರೆ. ಹಬೆ ಯಂತ್ರದ ಬಲದಿಂದ ತಿರುಗುವ ದೊಡ್ಡ ತೊಟ್ಟಿಗಳಲ್ಲಿ, ಸುಟ್ಟ ಮೂಳೆಯನ್ನು ನೀರಿನೊಂದಿಗೆ ಅರೆದು ನುಣ್ಣಗಿನ ಬಗ್ಗಡ ಮಾಡುತ್ತಿದ್ದ ಜಾಗ ಅದು. ಅಂಚಿಗೆ ಚಿನ್ನದ ಗೆರೆಯಿರುವ, ಹೂವಿನ ಚಿತ್ತಾರದ, ಹಿಡಿದರೆ ಮುರಿದೀತೆಂಬ ಅಳುಕು ಹುಟ್ಟಿಸುವ ಕಪ್ಪಿನ ಹಿಂದೆ ಇಂಥ ಒರಟು ಕೆಲಸ ಇದೆ ಎಂಬುದನ್ನು ನಾವು ಅಂಗಡಿಯಲ್ಲಿ ನಿಂತು ಊಹಿಸುವುದಿಲ್ಲ. ಸ್ಪೋಡ್‌ನ ಹಳೆಯ ಸ್ಟೋಕ್ ಕಾರ್ಖಾನೆ 2008ರಲ್ಲಿ ಮುಚ್ಚಿತು. ಇಂದು ಬೋನ್ ಚೈನಾದ ಬಹುಪಾಲು ತಯಾರಾಗುವುದು ಏಷ್ಯಾದಲ್ಲಿ: ಚೀನಾ, ಜಪಾನ್, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ಮತ್ತು ನಮ್ಮಲ್ಲಿ. ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಕಲ್ಕತ್ತದ ಬೆಂಗಾಲ್ ಪಾಟರೀಸ್ ಇದನ್ನು ಆರಂಭಿಸಿತು. ಈಗ ರಾಜಸ್ಥಾನ, ಅದರಲ್ಲೂ ಜೈಪುರದ ಸುತ್ತಮುತ್ತ, ಇದರ ದೊಡ್ಡ ನೆಲೆ.

ಈಗ ಸುಡುವ ಕ್ರಮಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಗಟ್ಟಿ ಪಿಂಗಾಣಿಯನ್ನು ಮೊದಲು 900ರಿಂದ 1000 ಡಿಗ್ರಿಯಲ್ಲಿ ಹದವಾಗಿ ಸುಡುತ್ತಾರೆ. ಆ ಹಂತದಲ್ಲಿ ಅದು ಹಸಿ ಇಟ್ಟಿಗೆಗಿಂತ ತುಸು ಗಟ್ಟಿಯಾದ, ನೀರು ಹೀರುವ ವಸ್ತು. ಗ್ಲೇಜ್‌ನಲ್ಲಿ, ಅಂದರೆ ಸುಟ್ಟಾಗ ಮೇಲೆ ಗಾಜಿನಂಥ ಹೊಳಪಿನ ಪದರವಾಗುವ ಬಗ್ಗಡದಲ್ಲಿ, ಅದ್ದಿದೊಡನೆ ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಎರಡನೆಯ ಬಾರಿ 1300ರಿಂದ 1400 ಡಿಗ್ರಿಯವರೆಗೆ ಕಾಯಿಸಿದಾಗ ಒಡಲೂ ಗ್ಲೇಜೂ ಒಟ್ಟಿಗೆ ಬೆಂದು ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಅಷ್ಟು ಶಾಖದಲ್ಲಿ ಕರಗುವಂತೆ ಮಾಡಿದ ಗ್ಲೇಜ್ ಸಹಜವಾಗಿಯೇ ಬಹಳ ಗಟ್ಟಿ.

ಬೋನ್ ಚೈನಾದಲ್ಲಿ ದೊಡ್ಡ ಬೆಂಕಿ ಮೊದಲು ಬರುತ್ತದೆ. ಗ್ಲೇಜ್ ಇಲ್ಲದ ಬರೀ ಒಡಲನ್ನು ಸುಮಾರು 1220ರಿಂದ 1250 ಡಿಗ್ರಿಯಲ್ಲಿ ಪೂರ್ತಿ ಬೇಯಿಸಿಬಿಡುತ್ತಾರೆ. ಈ ಒಡಲಿನ ಹದದ ವ್ಯಾಪ್ತಿ ಬಹಳ ಕಿರಿದು. ಕೆಲವೇ ಡಿಗ್ರಿ ಕಡಿಮೆಯಾದರೆ ಬೇಯುವುದಿಲ್ಲ, ಕೆಲವೇ ಡಿಗ್ರಿ ಹೆಚ್ಚಾದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಅದಕ್ಕಾಗಿ ತಟ್ಟೆಗಳನ್ನು ಅವುಗಳದೇ ಆಕಾರದ, ಶಾಖಕ್ಕೆ ಜಗ್ಗದ ಆಸರೆಗಳ ಮೇಲೆ ಕೂರಿಸಿ ಸುಡಬೇಕಾಗುತ್ತದೆ. ಜೊತೆಗೆ ಮಿಶ್ರಣದಲ್ಲಿ ಜಿಗುಟು ಕೊಡುವ ಮಣ್ಣು ಕಾಲು ಭಾಗ ಮಾತ್ರ ಇರುವುದರಿಂದ ಅದನ್ನು ರೂಪಿಸುವುದೇ ಕಷ್ಟ. ಬೆಲೆ ಏರುವುದು ಇಂಥ ಕಡೆ. ಹಾಳಾಗಿ ಪಕ್ಕಕ್ಕೆ ಹೋಗುವ ಸಾಮಾನಿನ ಖರ್ಚನ್ನೂ ನೀವು ಕೊಳ್ಳುವ ಕಪ್ಪೇ ಹೊರಬೇಕು. ಹೀಗೆ ಬೆಂದ ಒಡಲಿಗೆ ಅನಂತರ ಗ್ಲೇಜ್ ಹಚ್ಚಿ, ಒಡಲು ಮತ್ತೆ ಮೆತ್ತಗಾಗದಂತೆ 1050ರಿಂದ 1100 ಡಿಗ್ರಿಯಷ್ಟು ಕಡಿಮೆ ಶಾಖದಲ್ಲಿ ಎರಡನೆಯ ಬಾರಿ ಸುಡುತ್ತಾರೆ. ಕಡಿಮೆ ಶಾಖದಲ್ಲಿ ಕರಗುವ ಗ್ಲೇಜ್ ಎಂದರೆ ಮೆದುವಾದ ಗ್ಲೇಜ್.

ಇದನ್ನು ಪುಸ್ತಕದ ಮಾತೆಂದು ಬಿಡಬೇಡಿ, ಕಣ್ಣಾರೆ ನೋಡಬಹುದು. ಈ ಮೇಜಿನ ಮೇಲೆ ಎರಡು ಕಪ್ಪುಗಳಿವೆ. ಎರಡನ್ನೂ ಮಗುಚಿ ಹಿಡಿಯುತ್ತೇನೆ. ಎಡಗೈಯದು ಪಿಂಗಾಣಿ. ಅದು ನಿಲ್ಲುವ ತಳದ ಬಳೆಯ ಮೇಲೆ ಬೆರಳಾಡಿಸಿದರೆ ಒಂದು ಸಣ್ಣ ಪಟ್ಟಿಯಷ್ಟು ಜಾಗದಲ್ಲಿ ಗ್ಲೇಜ್ ಇಲ್ಲ. ಅಲ್ಲಿ ಒಣಗಿದ, ನುಣ್ಣನೆಯ ಮರಳು ಕಾಗದದಂಥ ಸ್ಪರ್ಶ ಸಿಗುತ್ತದೆ. ಆ ಶಾಖದಲ್ಲಿ ಗ್ಲೇಜ್ ಕರಗಿ ಹರಿಯುವಾಗ ಒಡಲೂ ಮೆತ್ತಗಿರುವುದರಿಂದ ಕಪ್ಪನ್ನು ಮೊನೆಗಳ ಮೇಲೆ ಎತ್ತಿ ನಿಲ್ಲಿಸುವಂತಿಲ್ಲ. ಅದು ತನ್ನ ತಳದ ಮೇಲೇ ನಿಲ್ಲಬೇಕು, ತಳದಲ್ಲಿ ಗ್ಲೇಜ್ ಇದ್ದರೆ ಕುಲುಮೆಯ ಹಲಗೆಗೆ ಅಂಟಿಬಿಡುತ್ತದೆ. ಹಾಗಾಗಿ ತಳವನ್ನು ಒರೆಸಿಯೇ ಒಳಗಿಡುತ್ತಾರೆ. ಬಲಗೈಯಲ್ಲಿರುವುದು ಬೋನ್ ಚೈನಾ. ಇದರ ತಳದ ಬಳೆಯ ಮೇಲೂ ಗ್ಲೇಜ್ ಹರಡಿದೆ. ಒಳಮಗ್ಗುಲಲ್ಲಿ ಬೆಳಕಿಗೆ ಓರೆಯಾಗಿ ಹಿಡಿದರೆ ಸೂಜಿಮೊನೆಯಷ್ಟು ಚಿಕ್ಕ ಮೂರು ಗುರುತುಗಳು ಕಾಣುತ್ತವೆ. ಎರಡನೆಯ ಸುಡುವಿಕೆಯಲ್ಲಿ ಒಡಲು ಗಟ್ಟಿಯಾಗಿಯೇ ಇರುವುದರಿಂದ ಮೂರು ಮೊನೆಗಳ ಮೇಲೆ ಎತ್ತಿ ನಿಲ್ಲಿಸಲು ಸಾಧ್ಯ. ಆ ಮೊನೆಗಳ ಗುರುತು ಅವು. ಎಲ್ಲ ಬೋನ್ ಚೈನಾದಲ್ಲೂ ಈ ಗುರುತು ಸಿಗುತ್ತದೆಂದಿಲ್ಲ, ತಳ ಒರೆಸಿ ಸುಡುವ ಕಾರ್ಖಾನೆಗಳೂ ಇವೆ. ಆದರೂ ಪೆಟ್ಟಿಗೆಯ ಮೇಲಿನ ಬರಹಕ್ಕಿಂತ ಕಪ್ಪಿನ ತಳ ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ತಳದ ಆ ಗ್ಲೇಜಿಲ್ಲದ ಬಳೆಯಿಂದ ಮನೆಯಲ್ಲಿ ಒಂದು ಪರಿಣಾಮವುಂಟು. ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎಳೆದು ತೆಗೆದರೆ, ಮೇಲಿನದರ ತಳ ಕೆಳಗಿನದರ ಮುಖವನ್ನು ಗೀರುತ್ತದೆ. ಒಳ್ಳೆಯ ತಯಾರಕರು ತಳವನ್ನು ಉಜ್ಜಿ ನುಣುಪು ಮಾಡಿರುತ್ತಾರೆ. ಅಗ್ಗದ್ದರಲ್ಲಿ ಆ ಕೆಲಸ ಬಿಟ್ಟುಹೋಗಿರುತ್ತದೆ. ಅಂಗಡಿಯಲ್ಲೇ ತಳದ ಮೇಲೆ ಬೆರಳಾಡಿಸಿ ನೋಡಿ. ತರಿತರಿ ಎನಿಸಿದರೆ, ತಟ್ಟೆಗಳ ನಡುವೆ ಹಳೆಯ ಬಟ್ಟೆಯ ತುಂಡು ಇಡುವ ತಾಳ್ಮೆ ನಿಮಗಿದೆಯೇ ಎಂದು ಯೋಚಿಸಿ ಕೊಳ್ಳಿ.

ಇನ್ನು ಬಣ್ಣ. ಪಿಂಗಾಣಿಯನ್ನು ಸಾಂಪ್ರದಾಯಿಕವಾಗಿ ಆಮ್ಲಜನಕ ಕಡಿಮೆಯಿರುವ ಬೆಂಕಿಯಲ್ಲಿ ಸುಡುವುದರಿಂದ, ಮಣ್ಣಿನಲ್ಲಿ ಉಳಿದಿರುವ ಅತಿ ಅಲ್ಪ ಪ್ರಮಾಣದ ಕಬ್ಬಿಣ ಹಳದಿ ಛಾಯೆಯ ಬದಲು ತಣ್ಣನೆಯ ನೀಲಿ ಛಾಯೆ ಕೊಡುತ್ತದೆ. ಬೋನ್ ಚೈನಾವನ್ನು ಗಾಳಿ ಧಾರಾಳವಾಗಿರುವ ಬೆಂಕಿಯಲ್ಲಿ ಸುಡುತ್ತಾರೆ. ಅದರ ಬಿಳುಪು ಕೆನೆಯ ಕಡೆಗೆ ವಾಲುತ್ತದೆ. ದನದ ಮೂಳೆಯನ್ನೇ ಆರಿಸಿಕೊಳ್ಳಲು ಒಂದು ಕಾರಣ ಅದರಲ್ಲಿ ಕಬ್ಬಿಣದ ಅಂಶ ಕಡಿಮೆ ಎಂಬುದು. ಬೆಳಕಿಗೆ ಹಿಡಿದು ಹಿಂದೆ ಬೆರಳು ಆಡಿಸಿದರೆ ಬೋನ್ ಚೈನಾದಲ್ಲಿ ಬೆರಳಿನ ನೆರಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅದರೊಳಗಿನ ಹರಳುಗಳೂ ಗಾಜೂ ಬೆಳಕನ್ನು ಬಾಗಿಸುವ ಪ್ರಮಾಣದಲ್ಲಿ ಅಷ್ಟೇನೂ ಅಂತರವಿಲ್ಲದ ಕಾರಣ ಬೆಳಕು ಒಳಗೇ ಚದುರಿ ಕಳೆದುಹೋಗುವುದು ಕಡಿಮೆ. ಈ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ತೆಳುವಾದ ಒಳ್ಳೆಯ ಪಿಂಗಾಣಿಯೂ ಬೆಳಕು ಬಿಡುತ್ತದೆ, ಓಪಲ್ ಗಾಜೂ ಬಿಡುತ್ತದೆ, ಆದ್ದರಿಂದ ಇದೊಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೀರಿ.

ಬೋನ್ ಚೈನಾ ಹಗುರ ಎಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಒಂದೇ ಗಾತ್ರದ, ಒಂದೇ ದಪ್ಪದ ಎರಡು ತುಂಡುಗಳನ್ನು ತೂಗಿದರೆ ಬೋನ್ ಚೈನಾವೇ ಹೆಚ್ಚು ತೂಗುತ್ತದೆ, ಅದರ ಸಾಂದ್ರತೆ ಪಿಂಗಾಣಿಗಿಂತ ಹೆಚ್ಚು. ಕೈಗೆ ಹಗುರವಾಗಿ ಬರುವುದು ಅದನ್ನು ತೆಳ್ಳಗೆ ಮಾಡಿರುವುದರಿಂದ. ತೆಳ್ಳಗೆ ಮಾಡಲು ಸಾಧ್ಯವಾಗುವುದು ಅದರ ಒಡಲು ಬಾಗುವ ಒತ್ತಡವನ್ನು ಸಾಮಾನ್ಯ ಪಿಂಗಾಣಿಗಿಂತ ಹೆಚ್ಚು ತಡೆಯುವುದರಿಂದ. ನೋಡಲು ನಾಜೂಕಾದದ್ದು ನಿಜವಾಗಿ ಗಟ್ಟಿ ಎಂದು ಹೇಳಿದರೆ ಮನೆಯ ಹಿರಿಯರು ಒಪ್ಪುವುದಿಲ್ಲ, ಗಾಜಿನ ಬೀರುವಿನಿಂದ ಅದನ್ನು ತೆಗೆಯಲೂ ಬಿಡುವುದಿಲ್ಲ. ಆದರೆ ಸಮಾನ ದಪ್ಪದಲ್ಲಿ ಹೋಲಿಸಿದರೆ ಅಂಚು ಚಕ್ಕೆಯೇಳುವುದು ಬೋನ್ ಚೈನಾದಲ್ಲೇ ಕಡಿಮೆ. ಹೋಟೆಲುಗಳಿಗೆಂದೇ ತಯಾರಾಗುವ, ಅಲ್ಯೂಮಿನಾ ಬೆರೆಸಿ ಬಲಪಡಿಸಿದ, ಅಂಚನ್ನು ದುಂಡಗೆ ದಪ್ಪ ಮಾಡಿದ ಪಿಂಗಾಣಿ ಈ ವಿಷಯದಲ್ಲಿ ಬೋನ್ ಚೈನಾಕ್ಕೆ ಸರಿಸಮನಾಗಿ ನಿಲ್ಲುತ್ತದೆ. ದಿನಕ್ಕೆ ಹಲವು ಸಲ ತೊಳೆಸಿಕೊಂಡು, ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದರ ಮೇಲೊಂದು ಬಿದ್ದು ಬದುಕುವ ಸಾಮಾನು ಅದು. ಮನೆಗೂ ಅದನ್ನು ಕೊಳ್ಳಬಾರದೆಂದೇನಿಲ್ಲ, ಕೈಯಲ್ಲಿ ಭಾರವೆನಿಸುತ್ತದೆ ಅಷ್ಟೆ.

ಶಾಖದ ಏರಿಳಿತಕ್ಕೆ ಬಂದರೆ ತಕ್ಕಡಿ ಪಿಂಗಾಣಿಯ ಕಡೆಗೆ ವಾಲುತ್ತದೆ. ಬೋನ್ ಚೈನಾ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ತಣಿದಾಗ ಹೆಚ್ಚು ಕುಗ್ಗುತ್ತದೆ. ಹಾಗೆ ಒಂದು ಭಾಗ ಹಿಗ್ಗಿ ಇನ್ನೊಂದು ಹಿಗ್ಗದೆ ಉಳಿದಾಗ ಸೀಳು ಬಿಡುವುದು. ಗಟ್ಟಿ ಪಿಂಗಾಣಿಯ ಹಿಗ್ಗುವಿಕೆ ಕಡಿಮೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನೇರ ಉರಿಯ ಮೇಲಿಡುವ ಮೂಸೆಗಳನ್ನು ಪಿಂಗಾಣಿಯಲ್ಲೇ ಮಾಡುವುದು ಸುಮ್ಮನಲ್ಲ. ಪಿಂಗಾಣಿಯ ಇದೇ ಗಟ್ಟಿತನ, ಅದರ ಜೊತೆಗೆ ವಿದ್ಯುತ್ತನ್ನು ತಡೆಯುವ ಗುಣ, ನಮ್ಮ ಊರಿನ ಕೈಗಾರಿಕಾ ಚರಿತ್ರೆಯಲ್ಲೂ ಬರುತ್ತದೆ: ಮೈಸೂರು ಸಂಸ್ಥಾನದವರು 1930ರ ದಶಕದಲ್ಲಿ ಬೆಂಗಳೂರಿನಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ನೆರೆಯಲ್ಲಿ, ಸರ್ಕಾರಿ ಪಿಂಗಾಣಿ ಕಾರ್ಖಾನೆಯನ್ನು ತೆರೆದರು. ಅಲ್ಲಿಯ ಇನ್ಸುಲೇಟರುಗಳು ವಿದ್ಯುತ್ ತಂತಿಯ ಕಂಬಗಳನ್ನೇರಿದವು. ಮುಂದೆ ಅದು ಬಿಎಚ್‌ಇಎಲ್‌ನ ಎಲೆಕ್ಟ್ರೊಪೋರ್ಸಲೀನ್ ವಿಭಾಗವಾಯಿತು. ಕಂಬದ ಮೇಲೆ ಬಿಸಿಲು ಮಳೆಗಳನ್ನು ಒಂದೇ ದಿನ ತಿಂದು ನಿಲ್ಲುವ ಇನ್ಸುಲೇಟರಿಗೂ ನಿಮ್ಮ ಸಾಂಬಾರಿನ ಬೋಗುಣಿಗೂ ಒಡಲಿನಲ್ಲಿ ನಂಟಿದೆ.

ಆದ್ದರಿಂದ ಫ್ರಿಜ್ಜಿನಿಂದ ತೆಗೆದು ಮೈಕ್ರೋವೇವಿಗೆ ಇಡುವ, ಕುದಿಯುವ ಸಾರನ್ನು ನೇರವಾಗಿ ಬಗ್ಗಿಸುವ ಬೋಗುಣಿಗಳು ಪಿಂಗಾಣಿಯವಾಗಿರಲಿ ಎಂದು ನಾನು ಹೇಳುತ್ತೇನೆ. ಬೋನ್ ಚೈನಾ ಕಪ್ಪಿಗೆ ಬಿಸಿ ಚಹಾ ಸುರಿದರೆ ಏನೂ ಆಗುವುದಿಲ್ಲ, ಅದು ಹುಟ್ಟಿದ್ದೇ ಚಹಾಕ್ಕಾಗಿ. ಗೋಡೆ ತೆಳುವಾದ್ದರಿಂದ ಒಳಹೊರಗಿನ ಶಾಖದ ಅಂತರವೂ ಬೇಗ ಸಮವಾಗುತ್ತದೆ. ಈ ತೆಳುವಿನಿಂದ ಕಾಫಿ ಕುಡಿಯುವವರಿಗೂ ಒಂದು ಲಾಭವಿದೆ. ಫಿಲ್ಟರ್ ಕಾಫಿಯ ಅಳತೆ ಸಣ್ಣದು. ದಪ್ಪನೆಯ ತಣ್ಣಗಿನ ಮಗ್ಗಿಗೆ ಅದನ್ನು ಹಾಕಿದರೆ ಮೊದಲ ಗುಟುಕಿಗೆ ಮುಂಚೆಯೇ ಮಗ್ಗು ತನ್ನ ಪಾಲಿನ ಬಿಸಿಯನ್ನು ಎಳೆದುಕೊಂಡಿರುತ್ತದೆ. ತೆಳುವಾದ ಬೋನ್ ಚೈನಾ ಕಪ್ಪು ಎಳೆದುಕೊಳ್ಳುವುದು ಕಡಿಮೆ. ದಪ್ಪ ಮಗ್ಗನ್ನೇ ಬಳಸುವವರು ಮೊದಲು ಅದರಲ್ಲಿ ಬಿಸಿನೀರು ಆಡಿಸಿ ಚೆಲ್ಲಿದರೆ ಸಾಕು. ಸ್ಟೀಲಿನ ಲೋಟವನ್ನು ಬಿಟ್ಟು ಬೇರಾವುದರಲ್ಲೂ ಕಾಫಿ ರುಚಿಸುವುದಿಲ್ಲ ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ.

ಗ್ಲೇಜ್‌ನ ವಿಷಯದಲ್ಲಿ ಮೆದು-ಗಟ್ಟಿ ಎಂಬ ಮಾತು ನಿತ್ಯಬಳಕೆಯಲ್ಲಿ ಹೇಗೆ ಕಾಣುತ್ತದೆ? ಪಶ್ಚಿಮದ ಮನೆಗಳಲ್ಲಿ ತಟ್ಟೆಯ ಶತ್ರು ಚಾಕು. ನಾವು ಕೈಯಲ್ಲಿ ಉಣ್ಣುವವರು, ಆ ಭಯ ನಮಗಿಲ್ಲ. ನಮ್ಮ ತಟ್ಟೆಯ ಶತ್ರು ಸಿಂಕಿನ ಪಕ್ಕದಲ್ಲಿರುವ ಸ್ಟೀಲ್ ನಾರು. ಬೋನ್ ಚೈನಾದ ಗ್ಲೇಜ್ ಅದರ ಉಜ್ಜಾಟಕ್ಕೆ ಬೇಗ ಹೊಳಪು ಕಳೆದುಕೊಳ್ಳುತ್ತದೆ. ಪಿಂಗಾಣಿ ಹೆಚ್ಚು ಕಾಲ ತಾಳುತ್ತದೆ. ಸ್ಟೀಲ್ ಚಮಚ ತಾಗಿದಲ್ಲಿ ಕಾಣುವ ಬೂದು ಗೆರೆಗಳನ್ನು ಕಂಡು ತಟ್ಟೆಯೇ ಗೀರಿತೆಂದು ಬೇಸರಪಡುವವರಿದ್ದಾರೆ. ಬಹಳಷ್ಟು ಸಲ ಅದು ಗೀರಲ್ಲ, ಗಟ್ಟಿಯಾದ ಗ್ಲೇಜ್‌ಗೆ ಚಮಚದ ಲೋಹವೇ ಸವೆದು ಮೆತ್ತಿಕೊಂಡದ್ದು. ಅಡುಗೆ ಸೋಡವನ್ನು ತುಸು ನೀರಿನಲ್ಲಿ ಕಲಸಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಎರಡೂ ಬಗೆಯ ಒಡಲು ನೀರು ಹೀರದಿರುವುದರಿಂದ ಅರಿಶಿನದ ಕಲೆ ಆಳಕ್ಕಿಳಿಯುವುದಿಲ್ಲ, ಸವೆದ ಗ್ಲೇಜ್ ಮೇಲೆ ಮಾತ್ರ ಮೊಂಡುತನ ತೋರಿಸುತ್ತದೆ.

ಮೆದು ಗ್ಲೇಜ್‌ಗೆ ಅದರದೇ ಆದ ಸೊಗಸೂ ಇದೆ. ಮೇಲೆ ಬಿಡಿಸಿದ ಬಣ್ಣಗಳನ್ನು ಸುಮಾರು 800 ಡಿಗ್ರಿಯಲ್ಲಿ ಮೂರನೆಯ ಬಾರಿ ಸುಡುವಾಗ, ಬೋನ್ ಚೈನಾದ ಗ್ಲೇಜ್ ತುಸು ಮೃದುವಾಗಿ ಬಣ್ಣವನ್ನು ತನ್ನೊಳಗೆ ಇಳಿಸಿಕೊಳ್ಳುತ್ತದೆ. ಗಟ್ಟಿ ಪಿಂಗಾಣಿಯ ಮೇಲೆ ಅದೇ ಬಣ್ಣ ಮೇಲ್ಮೈಯಲ್ಲಿ ಕುಳಿತಂತೆ ಕಾಣುತ್ತದೆ. ಗುಲಾಬಿ ಹೂವಿನ ಚಿತ್ತಾರ, ಚಿನ್ನದ ಅಂಚು ಇವುಗಳಿಗೆ ಬೋನ್ ಚೈನಾ ಒಗ್ಗಿದ್ದು ಇದರಿಂದ. ಆದರೆ ಚಿನ್ನದ ಅಂಚಿನ ಕಪ್ಪನ್ನು ಮೈಕ್ರೋವೇವಿನಲ್ಲಿಟ್ಟರೆ ಕಿಡಿ ಹಾರುತ್ತದೆ, ಪಾತ್ರೆ ತೊಳೆಯುವ ಯಂತ್ರದಲ್ಲಿ ಹಾಕಿದರೆ ಅಂಚು ಕ್ರಮೇಣ ಮಾಸುತ್ತದೆ. ಗ್ಲೇಜ್‌ನ ಕೆಳಗೆ ಬಿಡಿಸಿದ ಚಿತ್ರಕ್ಕೆ, ಉದಾಹರಣೆಗೆ ಚೀನಾದ ನೀಲಿ-ಬಿಳಿ ಸಾಮಾನಿನಲ್ಲಿರುವ ಕೋಬಾಲ್ಟ್ ನೀಲಿಗೆ, ಈ ಯಾವ ತೊಂದರೆಯೂ ಇಲ್ಲ. ಚಿತ್ರ ಎಲ್ಲಿದೆ ಎಂದು ತಿಳಿಯಲು ಉಗುರಿನ ತುದಿಯಿಂದ ಅದರ ಅಂಚನ್ನು ಸವರಿ. ಮೆಟ್ಟಿಲಿನಂತೆ ತಾಗಿದರೆ ಅದು ಗ್ಲೇಜ್‌ನ ಮೇಲಿದೆ.

ಹಳೆಯ ಸಾಮಾನಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಡಿಮೆ ಶಾಖದಲ್ಲಿ ಕರಗುವ ಗ್ಲೇಜ್‌ಗೆ ಒಂದು ಕಾಲದಲ್ಲಿ ಸೀಸವನ್ನು ಧಾರಾಳವಾಗಿ ಬಳಸುತ್ತಿದ್ದರು. ಮೇಲ್ಬಣ್ಣಗಳಲ್ಲಿ ಸೀಸವೂ, ಕೆಂಪು-ಕಿತ್ತಳೆ-ಹಳದಿಗಳಲ್ಲಿ ಕ್ಯಾಡ್ಮಿಯಂ ಕೂಡ ಇರಬಹುದಾಗಿತ್ತು. ಹುಣಸೆ, ನಿಂಬೆ, ಟೊಮೆಟೊ, ಮೊಸರು ಹೀಗೆ ನಮ್ಮ ಊಟದಲ್ಲಿ ಹುಳಿಗೆ ಬರವಿಲ್ಲ, ಸೀಸವನ್ನು ಗ್ಲೇಜ್‌ನಿಂದ ಹೊರಗೆಳೆಯುವುದು ಈ ಹುಳಿಯೇ. ಅಜ್ಜನ ಕಾಲದ ಚಿತ್ತಾರದ ಬಟ್ಟಲನ್ನು ಬೀರುವಿನಲ್ಲಿಟ್ಟು ನೋಡಿ ಸಂತೋಷಪಡಿ. ಅದರಲ್ಲಿ ಗೊಜ್ಜು ಹಾಕಿ ರಾತ್ರಿಯಿಡೀ ಇಡಬೇಡಿ. ಈಗಿನ ಒಳ್ಳೆಯ ತಯಾರಕರು ಸೀಸರಹಿತ ಗ್ಲೇಜ್ ಬಳಸುತ್ತಾರೆ ಮತ್ತು ಹಾಗೆಂದು ಬರೆದಿರುತ್ತಾರೆ.

ಇನ್ನು, ಸಭೆಯಲ್ಲಿ ಹಲವರು ಮನಸ್ಸಿನಲ್ಲಿಟ್ಟುಕೊಂಡು ಬಂದಿರಬಹುದಾದ ಪ್ರಶ್ನೆ: ಮೂಳೆ. ಹೌದು, ಬೋನ್ ಚೈನಾದಲ್ಲಿರುವುದು ನಿಜವಾದ ಪ್ರಾಣಿಯ ಮೂಳೆಯ ಬೂದಿ, ಸಾಮಾನ್ಯವಾಗಿ ದನದ್ದು. ಮೂಳೆಯಿಂದ ಜಿಡ್ಡು ಮತ್ತು ಅಂಟನ್ನು ತೆಗೆದು, ಸುಮಾರು 1000 ಡಿಗ್ರಿಯಲ್ಲಿ ಸುಟ್ಟಾಗ ಜೀವಜನ್ಯವಾದದ್ದೆಲ್ಲ ಉರಿದುಹೋಗಿ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜ ಉಳಿಯುತ್ತದೆ. ಅದು ಮತ್ತೆ 1200 ಡಿಗ್ರಿ ದಾಟಿ ಬೇರೆ ಹರಳುಗಳಾಗಿ ಮಾರ್ಪಡುತ್ತದೆ. ರಸಾಯನಶಾಸ್ತ್ರದ ಮಾತು ಇಲ್ಲಿಗೆ ಮುಗಿಯುತ್ತದೆ. ಮಡಿ ಅಡುಗೆಯ ಮನೆಗೆ, ಪೂಜೆಯ ನೈವೇದ್ಯಕ್ಕೆ, ಅಹಿಂಸೆಯನ್ನು ವ್ರತವಾಗಿ ಪಾಲಿಸುವವರ ಊಟಕ್ಕೆ ಇದು ಸಲ್ಲುತ್ತದೆಯೇ ಎಂಬುದನ್ನು ನಿರ್ಧರಿಸುವುದು ರಸಾಯನಶಾಸ್ತ್ರದ ಕೆಲಸವಲ್ಲ, ಬೂದಿಯಾದ ಮೇಲೆ ಅದರಲ್ಲೇನಿದೆ ಎಂದು ಅಂಥವರನ್ನು ಒಪ್ಪಿಸಹೊರಡುವುದು ಸಭ್ಯತೆಯೂ ಅಲ್ಲ. ಅವರು ನಿಶ್ಚಿಂತೆಯಿಂದ ಪಿಂಗಾಣಿಯನ್ನು ಆರಿಸಿಕೊಳ್ಳಬಹುದು. ಅದರ ಒಡಲಿಗೆ ಮೂಳೆ ಬೇಕಾಗಿಲ್ಲ. ಅತಿಥಿಗಳನ್ನು ಕರೆಯುವವರಿಗೂ ಒಂದು ಮಾತು: ನಿಮಗೆ ಅಭ್ಯಂತರವಿಲ್ಲದಿದ್ದರೂ ಬಂದವರಿಗೆ ಇರಬಹುದು, ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ.

ಇದಕ್ಕೆ ಹೊಂದಿಕೊಂಡೇ ಮಾರುಕಟ್ಟೆಯ ಕೆಲವು ಹೆಸರುಗಳಿವೆ. ನ್ಯೂ ಬೋನ್ ಚೈನಾ ಎಂದು ಮಾರುವ ಸಾಮಾನಿನಲ್ಲಿ ಸಾಮಾನ್ಯವಾಗಿ ಮೂಳೆ ಬೂದಿ ಇರುವುದಿಲ್ಲ; ಅದು ಬೋನ್ ಚೈನಾದ ಬಿಳುಪನ್ನು ಅನುಕರಿಸುವ ಬೇರೆ ಮಿಶ್ರಣ. ಫೈನ್ ಚೈನಾ ಎಂಬುದಕ್ಕೂ ಮೂಳೆಗೂ ಸಂಬಂಧವಿರಬೇಕಿಲ್ಲ. ಮೂಳೆಯ ಬದಲು ಖನಿಜ ಮೂಲದ ಕ್ಯಾಲ್ಸಿಯಂ ಫಾಸ್ಫೇಟ್ ಬಳಸಿ ಮಾಡಿದ್ದೂ ಸಿಗುತ್ತದೆ. ಗುಣದಲ್ಲಿ ಅದು ಬೋನ್ ಚೈನಾಕ್ಕೆ ಹತ್ತಿರವಿರುತ್ತದೆ. ಬೋನ್ ಚೈನಾದ ಬೆಲೆ ಕೊಡುವವರು ಮೂಳೆ ಬೂದಿ ಎಷ್ಟು ಪಾಲು ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. 30 ಪ್ರತಿಶತಕ್ಕಿಂತ ಕಡಿಮೆ ಎಂಬ ಉತ್ತರ ಬಂದರೆ ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು.

ಹಾಗಾದರೆ ಏನು ಕೊಳ್ಳಬೇಕು? ಇಡೀ ಊಟದ ಸೆಟ್ಟನ್ನು ಒಂದೇ ವಸ್ತುವಿನಲ್ಲಿ ಕೊಳ್ಳಬೇಕೆಂಬ ಹಟವನ್ನೇ ನಾನು ಒಪ್ಪುವುದಿಲ್ಲ. ಮೂಳೆಯ ಅಭ್ಯಂತರವಿಲ್ಲದವರು ಕಪ್ಪು-ಬಸಿಯನ್ನು ಬೋನ್ ಚೈನಾದಲ್ಲಿ ಕೊಳ್ಳಲಿ. ತುಟಿಗೆ ತಾಗುವ ಅಂಚಿನ ತೆಳುವಿಗೆ ಕೊಟ್ಟ ಹಣ ದಿನಕ್ಕೆರಡು ಸಲ ಅನುಭವಕ್ಕೆ ಬರುತ್ತದೆ. ಊಟದ ತಟ್ಟೆ, ಪಲ್ಯದ ಬಟ್ಟಲು, ಬಡಿಸುವ ಬೋಗುಣಿಗಳು ಪಿಂಗಾಣಿಯವಾಗಿರಲಿ. ತೊಳೆಯುವ ಕೆಲಸ ಬೇರೆಯವರದಾಗಿದ್ದರೆ, ಗ್ರಾನೈಟ್ ಕಟ್ಟೆಯ ಮೇಲೆ ಪಾತ್ರೆ ಮಗುಚುವ ಅಭ್ಯಾಸವಿದ್ದರೆ, ಹೋಟೆಲ್ ಬಗೆಯ ದುಂಡಂಚಿನ ಪಿಂಗಾಣಿಗಿಂತ ಒಳ್ಳೆಯದಿಲ್ಲ.

ಅಂಗಡಿಯಲ್ಲಿ ತಟ್ಟೆಯನ್ನು ಸಪಾಟಾದ ಗಾಜಿನ ಮೇಲೆ ಬೋರಲು ಹಾಕಿ ಒಂದು ಬದಿಯನ್ನು ಬೆರಳಿನಿಂದ ಒತ್ತಿ ನೋಡಿ; ಅಲ್ಲಾಡಿದರೆ ಅದು ಕುಲುಮೆಯಲ್ಲಿ ಸೊಟ್ಟಗಾಗಿದೆ. ಕಪ್ಪನ್ನು ಅಂಗೈ ಮೇಲೆ ನಿಲ್ಲಿಸಿ ಅಂಚನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ನಾದ ಎಳೆದುಕೊಂಡು ಹೋಗದೆ ಡಬ್ಬೆಂದರೆ ಕಣ್ಣಿಗೆ ಕಾಣದ ಸೀಳು ಇರಬಹುದು. ಹಿಡಿ ಕಪ್ಪಿಗೆ ಕೂಡುವ ಜಾಗ ನೋಡಿ, ಏಕೆಂದರೆ ಹಿಡಿಯನ್ನು ಬೇರೆಯಾಗಿ ಅಚ್ಚು ಹೊಯ್ದು ಮಣ್ಣಿನ ಬಗ್ಗಡದಿಂದಲೇ ಅಂಟಿಸಿರುತ್ತಾರೆ. ಅಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಬೇಡ. ಕೊನೆಗೆ, ಅದೇ ನಮೂನೆ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸಿ. ಹೂವಿನ ಚಿತ್ತಾರದ ಸೆಟ್ಟಿನ ಎರಡು ಬಸಿ ಒಡೆದಾಗ ಆ ಚಿತ್ತಾರ ನಿಂತುಹೋಗಿರುವುದೇ ಹೆಚ್ಚು. ಅಚ್ಚ ಬಿಳಿಯದಾದರೆ, ಹೆಚ್ಚೆಂದರೆ ಛಾಯೆಯಲ್ಲಿ ತುಸು ವ್ಯತ್ಯಾಸ ಬಂದೀತು. ಜೋಡಿ ಹುಡುಕಲು ಹೋಗುವಾಗ ಹಳೆಯ ಬಸಿಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಂಗಡಿಯ ದೀಪದಡಿ ಹೋಲಿಸಬೇಡಿ, ಬಾಗಿಲಿನಾಚೆ ಬಂದು ಹಗಲ ಬೆಳಕಿನಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.